ವಿದೂಷಕನಿಗೆ ಎಷ್ಟು ಸಲುಗೆ?

‘ಹಾರ್ಲಿ ಕ್ವಿನ್‌’ ವಯಸ್ಕರಿಗೆಂದೇ ಮಾಡಿದ ಅನಿಮೇಷನ್‌ ಸರಣಿ. 2019ರ ನವೆಂಬರ್‌ನಲ್ಲಿ ಶುರುವಾದ ಇದರಲ್ಲಿ ರುಂಡಗಳು ಉರುಳುತ್ತವೆ, ಮೂಳೆಗಳು ಮುರಿಯುತ್ತವೆ, ಎರಡು ಮಾತಿಗೊಂದು ಬೈಗುಳ ಬರುತ್ತದೆ. ಪಾತ್ರಗಳ ಒಡೆತನ ಹೊಂದಿರುವ ಡಿಸಿ ಕಂಪನಿ ಇಷ್ಟಕ್ಕೆಲ್ಲ ಒಪ್ಪಿಗೆ ಕೊಟ್ಟಿದೆ. ಆದರೆ ಬ್ಯಾಟ್‌ಮ್ಯಾನ್‌ ಮತ್ತು ಕ್ಯಾಟ್‌ವುಮನ್‌ ನಡುವಿನ ಒಂದು ಶಯ್ಯಾಗೃಹದ ಸನ್ನಿವೇಶವನ್ನು ಅದು ತಡೆಯಿತು. ಸರಣಿಯನ್ನು ರೂಪಿಸಿದವರಲ್ಲಿ ಒಬ್ಬರಾದ ಜಸ್ಟಿನ್‌ ಹಾಲ್ಪರ್ನ್‌ 2021ರಲ್ಲಿ ‘ವೆರೈಟಿ’ ಪತ್ರಿಕೆಗೆ ಇದನ್ನು ಹೇಳಿದರು. ನಾಯಕರಾದವರು ಅಂಥದ್ದನ್ನು ಮಾಡುವುದಿಲ್ಲ ಎಂಬುದು ಕಂಪನಿಯ ತಕರಾರು. ಏಕೆ ಮಾಡಬಾರದು ಎಂದು ಕೇಳಿದ್ದಕ್ಕೆ ಬಂದ ಉತ್ತರ ಆಟಿಕೆಗಳ ಮಾರಾಟದ್ದು. ಕೊಲೆಯಿಂದ ಆ ವ್ಯಾಪಾರಕ್ಕೆ ಧಕ್ಕೆಯಿಲ್ಲ, ಪ್ರಣಯದಿಂದ ಇದೆ!

ಇಂದು ಸೂಪರ್‌ಹೀರೊಗಳನ್ನು ಗೇಲಿ ಮಾಡುವ ಕೃತಿಗಳ ದೊಡ್ಡ ಪಾಲು ಆ ಸೂಪರ್‌ಹೀರೊಗಳ ಮಾಲೀಕರ ಹಣದಿಂದಲೇ ತಯಾರಾಗುತ್ತಿದೆ. ಅರಮನೆಯ ಅನ್ನ ಉಂಡು ಅರಸನನ್ನೇ ಛೇಡಿಸುವ ವಿದೂಷಕನ ಸ್ಥಿತಿ ಇದು. ಸಲುಗೆ ಇದೆ, ಅದಕ್ಕೊಂದು ಗಡಿಯೂ ಇದೆ. ಆ ಗಡಿಯನ್ನು ನಿರ್ಧರಿಸುವುದು ನೀತಿಯಲ್ಲ, ಅಭಿರುಚಿಯೂ ಅಲ್ಲ. ಪಾತ್ರ ಎಷ್ಟು ದುಡಿದು ಕೊಡುತ್ತದೆ ಎಂಬುದು. ಖಳರನ್ನು ಮುಂದಿಟ್ಟುಕೊಂಡು ಬರೆದಿದ್ದರಿಂದ ತಮಗೆ ಹೆಚ್ಚಿನ ಸಲುಗೆ ಸಿಕ್ಕಿತು ಎಂದು ಅದೇ ಸಂದರ್ಶನದಲ್ಲಿ ಹಾಲ್ಪರ್ನ್‌ ಹೇಳಿದ್ದರು. ಜೋಕರ್‌ ಮೇಯರ್‌ ಚುನಾವಣೆಗೆ ನಿಲ್ಲಬಹುದು, ಬೇನ್‌ ಎಂಬ ದೈತ್ಯ ಒಂದು ಕುರ್ಚಿಗಾಗಿ ಗೋಳಾಡಬಹುದು. ಬ್ಯಾಟ್‌ಮ್ಯಾನ್‌ ಮಾತ್ರ ಮಡಿ ಕಾಯ್ದುಕೊಳ್ಳಬೇಕು. 2022ರಲ್ಲಿ ಬಂದ ಮೂರನೇ ಸೀಸನ್‌ನಲ್ಲಿ ನಿರ್ದೇಶಕ ಜೇಮ್ಸ್‌ ಗನ್‌ ತಮ್ಮದೇ ಅಣಕು ಪಾತ್ರಕ್ಕೆ ದನಿ ಕೊಟ್ಟರು. ಅದೇ ವರ್ಷ ಮುಗಿಯುವುದರೊಳಗೆ ಅವರು ಡಿಸಿ ಸ್ಟುಡಿಯೋಸ್‌ನ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರಾದರು. ಗೇಲಿಗೂ ಗಾದಿಗೂ ಎಷ್ಟು ಹತ್ತಿರದ ನಂಟು ನೋಡಿ.

ಹಿಂದೆ ಹೀಗಿರಲಿಲ್ಲ. 1953ರಲ್ಲಿ ಹಾರ್ವಿ ಕರ್ಟ್ಸ್‌ಮನ್‌ ಬರೆದು ವಾಲಿ ವುಡ್‌ ಚಿತ್ರಿಸಿದ ‘ಸೂಪರ್‌ಡೂಪರ್‌ಮ್ಯಾನ್‌’ ‘ಮ್ಯಾಡ್‌’ ಪತ್ರಿಕೆಯಲ್ಲಿ ಬಂದಾಗ ಸೂಪರ್‌ಮ್ಯಾನ್‌ನ ಒಡೆಯರು ಮೊಕದ್ದಮೆಯ ಬೆದರಿಕೆ ಹಾಕಿದ್ದರು. ‘ಮ್ಯಾಡ್‌’ ಅಂಜಲಿಲ್ಲ, ಅಣಕ ಮುಂದುವರಿಸಿತು. ವರ್ಷಗಳು ಉರುಳಿ, ಕಂಪನಿಗಳು ಕಂಪನಿಗಳನ್ನು ನುಂಗಿ, ಕೊನೆಗೆ ‘ಮ್ಯಾಡ್‌’ ಕೂಡ ಅದೇ ಡಿಸಿಯ ಸೂರಿನಡಿ ಬಂತು. ಕೋರ್ಟಿಗೆ ಎಳೆದು ಬಾಯಿ ಮುಚ್ಚಿಸುವುದಕ್ಕಿಂತ ಕೊಂಡುಕೊಳ್ಳುವುದು ಸುಲಭ.

ವಯಸ್ಕರ ಅನಿಮೇಷನ್‌ನಲ್ಲಿ ಸೂಪರ್‌ಹೀರೊ ಅಣಕ ಹುಟ್ಟಿದ್ದು ಮಾತ್ರ ಗೋದಾಮಿನಲ್ಲಿ. ಮಾಧ್ಯಮ ಉದ್ಯಮಿ ಟೆಡ್‌ ಟರ್ನರ್‌ 1991ರಲ್ಲಿ ಹಾನಾ-ಬಾರ್ಬೆರಾ ಸ್ಟುಡಿಯೊ ಕೊಂಡಾಗ ಅದರ ಹಳೆಯ ಸರಕೆಲ್ಲ ಅವರ ಪಾಲಾಯಿತು. 1992ರಲ್ಲಿ ಕಾರ್ಟೂನ್‌ ನೆಟ್‌ವರ್ಕ್‌ ಆರಂಭವಾಯಿತು. ಹೊಸ ಕಾರ್ಟೂನ್‌ ಮಾಡಿಸಲು ಬೇಕಾದಷ್ಟು ಹಣ ಇರಲಿಲ್ಲ, ಹಳೆಯ ಚಿತ್ರಗಳು ಬೇಕಾದಷ್ಟಿದ್ದವು. 1966ರ ‘ಸ್ಪೇಸ್‌ ಘೋಸ್ಟ್‌’ ಎಂಬ ಗಂಭೀರ ಅಂತರಿಕ್ಷ ವೀರನನ್ನು ಎಳೆದು ತಂದು, 1994ರಲ್ಲಿ ಟಾಕ್‌ ಶೋ ನಿರೂಪಕನನ್ನಾಗಿ ಕೂರಿಸಿದರು. ಅವನು ಸೆರೆಹಿಡಿದಿದ್ದ ಶತ್ರುಗಳೇ ಅವನ ಸಿಬ್ಬಂದಿ. ಜೊರಾಕ್‌ ವಾದ್ಯಗೋಷ್ಠಿ ನಡೆಸುತ್ತಾನೆ, ಮೋಲ್ಟಾರ್‌ ಕಾರ್ಯಕ್ರಮ ನಿರ್ದೇಶಿಸುತ್ತಾನೆ. ಅತಿಥಿಗಳು ನಿಜವಾದ ಮನುಷ್ಯರು. ಅವರ ಉತ್ತರಗಳಿಗೆ ಆಮೇಲೆ ಬೇರೆಯೇ ಪ್ರಶ್ನೆಗಳನ್ನು ಜೋಡಿಸಿ, ಮಾತಿನ ನಡುವೆ ಮುಜುಗರದ ಮೌನಗಳನ್ನು ಬಿಟ್ಟರು. ಲೋಕ ರಕ್ಷಿಸಿದವನಿಗೆ ಒಂದು ಸಂದರ್ಶನ ನೆಟ್ಟಗೆ ಮಾಡಲು ಬಾರದು.

ಇದೇ ದಾರಿಯಲ್ಲಿ ‘ಹಾರ್ವಿ ಬರ್ಡ್‌ಮ್ಯಾನ್‌’ ಬಂತು. 1967ರ ರೆಕ್ಕೆಯ ವೀರ ಇಲ್ಲಿ ಸೂಟು ತೊಟ್ಟ ವಕೀಲ. ಅವನ ಕಕ್ಷಿದಾರರೆಲ್ಲ ಹಳೆಯ ಕಾರ್ಟೂನ್‌ ಪಾತ್ರಗಳು: ಮಾಫಿಯಾ ನಾಯಕನೆಂಬ ಆರೋಪ ಹೊತ್ತ ಫ್ರೆಡ್‌ ಫ್ಲಿಂಟ್‌ಸ್ಟೋನ್‌, ಮಾದಕ ವಸ್ತುವಿನ ಪ್ರಕರಣದಲ್ಲಿ ಸಿಕ್ಕಿಬಿದ್ದ ಶ್ಯಾಗಿ ಮತ್ತು ಸ್ಕೂಬಿ. ಇವೂ ಮಾಲೀಕರೇ ಮಾಡಿಸಿದ ಅಣಕಗಳು. ಆದರೂ ಇಷ್ಟು ನಿರ್ಭಿಡೆಯಾಗಿದ್ದವು. ಕಾರಣ ಸರಳ, ಸ್ಪೇಸ್‌ ಘೋಸ್ಟ್‌ನ ಆಟಿಕೆ ಕೊಳ್ಳಲು ಯಾರೂ ಅಂಗಡಿ ಮುಂದೆ ನಿಂತಿರಲಿಲ್ಲ. ಬೆಲೆ ಕಳೆದುಕೊಂಡ ವೀರನ ಮೇಲೆ ಏನು ಬೇಕಾದರೂ ಬರೆಯಬಹುದು.

ಇನ್ನೊಂದು ಮಾರ್ಗ, ಯಾರ ಪಾತ್ರವನ್ನೂ ಮುಟ್ಟದೆ ಸ್ವಂತದ್ದನ್ನು ಕಟ್ಟುವುದು. ಜಾಕ್ಸನ್‌ ಪಬ್ಲಿಕ್‌ ಮತ್ತು ಡಾಕ್‌ ಹ್ಯಾಮರ್‌ ಬರೆದ ‘ದಿ ವೆಂಚರ್‌ ಬ್ರದರ್ಸ್‌’ 2004ರಿಂದ 2018ರವರೆಗೆ ಏಳು ಸೀಸನ್‌ ನಡೆಯಿತು. ಅದರಲ್ಲಿ ಖಳರಿಗೊಂದು ಸಂಘವಿದೆ. ಯಾರು ಯಾರ ಶತ್ರುವಾಗಬೇಕೆಂದು ಸಂಘವೇ ಗೊತ್ತು ಮಾಡುತ್ತದೆ. ಅದಕ್ಕೆ ನಿಯಮಾವಳಿ, ದರ್ಜೆ, ಕಾಗದಪತ್ರ. ದ್ವೇಷ ಸಾಧಿಸಲೂ ಅನುಮತಿ ಬೇಕು. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಈ ಹಾಸ್ಯದ ಸೊಗಸನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಮಟ್ಟಿಗೆ ಈ ಬಗೆಯ ಅಣಕದ ಅತ್ಯುತ್ತಮ ಮಾದರಿ ‘ಸೌತ್‌ ಪಾರ್ಕ್‌’ನದು. ಟ್ರೇ ಪಾರ್ಕರ್‌ ಮತ್ತು ಮ್ಯಾಟ್‌ ಸ್ಟೋನ್‌ 1997ರಿಂದ ನಡೆಸುತ್ತಿರುವ ಈ ಸರಣಿಯಲ್ಲಿ ಕಾರ್ಟ್‌ಮನ್‌ ಎಂಬ ದುರುಳ ಬಾಲಕ 2009ರಲ್ಲಿ ‘ದಿ ಕೂನ್‌’ ಎಂಬ ವೇಷ ತೊಟ್ಟ. 2010ರ ಅಕ್ಟೋಬರ್‌–ನವೆಂಬರ್‌ನ ಮೂರು ಕಂತುಗಳಲ್ಲಿ ಆ ಕಥೆ ಬೆಳೆಯಿತು. ಕ್ತುಲು ಎಂಬ ಪ್ರಾಚೀನ ಪಿಶಾಚಶಕ್ತಿಯನ್ನು ಪಳಗಿಸಿ, ತನಗೆ ಹಿಡಿಸದವರನ್ನೆಲ್ಲ ಅವನು ನಾಶ ಮಾಡಿಸುತ್ತಾನೆ. ಹಾಗೆ ಮಾಡುತ್ತಲೇ ತಾನು ಜಗತ್ತನ್ನು ಉದ್ಧರಿಸುತ್ತಿದ್ದೇನೆ ಎಂದು ಮನಸಾರೆ ನಂಬಿರುತ್ತಾನೆ. ಉಡುಪನ್ನು ನೋಡಿ ನಗುವುದು ಸುಲಭ. ಇಲ್ಲಿ ನಗೆಗೆ ಗುರಿಯಾದದ್ದು ಉದ್ಧಾರಕ ತಾನೇ ಎಂಬ ಹಮ್ಮು.

ಅದೇ ಕಥೆಯಲ್ಲಿ ‘ಕ್ಯಾಪ್ಟನ್‌ ಹೈಂಡ್‌ಸೈಟ್‌’ ಬರುತ್ತಾನೆ. ಘಟನೆ ನಡೆದ ಮೇಲೆ ಬುದ್ಧಿ ಹೇಳುವುದೇ ಅವನ ಅತಿಮಾನುಷ ಶಕ್ತಿ. ಕಟ್ಟಡಕ್ಕೆ ಬೆಂಕಿ ಬಿದ್ದಿದೆ, ಜನ ಒಳಗೆ ಸಿಲುಕಿದ್ದಾರೆ. ಇವನು ಹಾರಿ ಬಂದು, ಕಟ್ಟುವಾಗಲೇ ಹೀಗೆ ಕಟ್ಟಬೇಕಿತ್ತು, ಹಾಗೆ ಮಾಡಬೇಕಿತ್ತು ಎಂದು ವಿವರಿಸಿ ಹಾರಿ ಹೋಗುತ್ತಾನೆ. ಕೆಳಗಿದ್ದವರು ಕೃತಜ್ಞತೆಯಿಂದ ಕೈಬೀಸುತ್ತಾರೆ. ಬೆಂಕಿ ಉರಿಯುತ್ತಲೇ ಇರುತ್ತದೆ. ಮೆಕ್ಸಿಕೊ ಕೊಲ್ಲಿಯಲ್ಲಿ ತೈಲ ಸೋರಿ ಅಮೆರಿಕವನ್ನು ತಲ್ಲಣಗೊಳಿಸಿದ ವರ್ಷ ಅದು. ಕಥೆಯಲ್ಲಿ ಅದೂ ಇದೆ. ಸೂಪರ್‌ಹೀರೊ ಆಗುವ ಮುನ್ನ ಈತ ಸುದ್ದಿ ವರದಿಗಾರನಾಗಿದ್ದ. ಸಂಪಾದಕೀಯ ಪುಟಕ್ಕೆ ಬರೆಯುವ ನಮ್ಮಂಥವರು ಇಲ್ಲಿ ನಗು ನುಂಗಿಕೊಳ್ಳಬೇಕಾಗುತ್ತದೆ. ಹತ್ತು ವರ್ಷಗಳ ಬಳಿಕ, ಕೋವಿಡ್‌ ನಿರ್ವಹಣೆಯ ಟೀಕೆ ಎದುರಿಸುತ್ತಿದ್ದ ಬ್ರಿಟನ್‌ ಪ್ರಧಾನಿ ಬೋರಿಸ್‌ ಜಾನ್ಸನ್‌, ವಿರೋಧ ಪಕ್ಷದ ನಾಯಕ ಕೀರ್‌ ಸ್ಟಾರ್ಮರ್‌ ಅವರನ್ನು ಸಂಸತ್ತಿನಲ್ಲೇ ‘ಕ್ಯಾಪ್ಟನ್‌ ಹೈಂಡ್‌ಸೈಟ್‌’ ಎಂದು ಮೂದಲಿಸಿದರು. ಅಣಕದ ಪಾತ್ರ ಅಧಿಕಾರಸ್ಥರ ಕೈಗೆ ಗುರಾಣಿಯಾಗಿಯೂ ಸಿಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಪ್ರಶ್ನೆ ಕೇಳುವುದು ವಿರೋಧ ಪಕ್ಷದ ಕೆಲಸ. ಕೇಳಿದವರನ್ನು ನಗೆಪಾಟಲು ಮಾಡುವುದು ಉತ್ತರವಲ್ಲ.

‘ಸೌತ್‌ ಪಾರ್ಕ್‌’ನ ಹಿಂದೆಯೂ ದೊಡ್ಡ ಕಂಪನಿ ಇದೆಯಲ್ಲ ಎಂದು ಕೇಳಬಹುದು. ಇದೆ. 2025ರ ಜುಲೈನಲ್ಲಿ ಪ್ಯಾರಾಮೌಂಟ್‌ ಜೊತೆ ಐದು ವರ್ಷಗಳಿಗೆ 150 ಕೋಟಿ ಡಾಲರ್‌ ಒಪ್ಪಂದವಾದ ಸುದ್ದಿ ಬಂದ ಬೆನ್ನಲ್ಲೇ ಪ್ರಸಾರವಾದ ಕಂತಿನಲ್ಲಿ, ಅಧ್ಯಕ್ಷ ಟ್ರಂಪ್‌ ಜೊತೆ ರಾಜಿ ಮಾಡಿಕೊಂಡ ಅದೇ ಪ್ಯಾರಾಮೌಂಟ್‌ ಅನ್ನು ಹಿಗ್ಗಾಮುಗ್ಗಾ ಗೇಲಿ ಮಾಡಲಾಗಿತ್ತು. ಅಲ್ಲಿ ದುಡಿದು ಕೊಡುವುದು ಗೇಲಿಯೇ. ಅದರ ಬಾಯಿ ಕಟ್ಟಿದರೆ ಮಾರಲು ಏನೂ ಉಳಿಯುವುದಿಲ್ಲ. ಕಾಯಬೇಕಾದ ಬ್ಯಾಟ್‌ಮ್ಯಾನ್‌ ಅವರಿಗೆ ಇಲ್ಲ.

ಇನ್ನು ‘ದಿ ಬಾಯ್ಸ್‌’. ಗಾರ್ತ್‌ ಎನಿಸ್‌ ಮತ್ತು ಡಾರಿಕ್‌ ರಾಬರ್ಟ್‌ಸನ್‌ ಅವರ ಈ ಕಾಮಿಕ್ಸ್‌ 2006ರಲ್ಲಿ ಡಿಸಿಯ ವೈಲ್ಡ್‌ಸ್ಟಾರ್ಮ್‌ ವಿಭಾಗದಿಂದಲೇ ಹೊರಬಂದಿತ್ತು. ಆರು ಸಂಚಿಕೆಗಳ ನಂತರ ಡಿಸಿ ಕೈಬಿಟ್ಟಿತು, ಬೇರೆ ಪ್ರಕಾಶಕರು ಎತ್ತಿಕೊಂಡರು. ಸೂಪರ್‌ಹೀರೊಗಳನ್ನು ಸರಕಿನಂತೆ ಮಾರುವ ದೈತ್ಯ ಕಂಪನಿಯೊಂದರ ವಿಡಂಬನೆ ಅದು. 2019ರಲ್ಲಿ ಅಮೆಜಾನ್‌ ಅದನ್ನು ಸರಣಿಯಾಗಿಸಿತು. 2022ರಲ್ಲಿ ‘ಡಯಾಬಾಲಿಕಲ್‌’ ಎಂಬ ಅನಿಮೇಷನ್‌ ಕವಲು, 2023ರಲ್ಲಿ ‘ಜೆನ್‌ ವಿ’ ಎಂಬ ಮತ್ತೊಂದು ಕವಲು ಒಡೆಯಿತು. ಯಾವುದನ್ನು ಹಂಗಿಸಿತೋ ಅದೇ ಆಗಿಹೋಯಿತು. ‘ಡಯಾಬಾಲಿಕಲ್‌’ನ ಹಲವು ಕಂತುಗಳಲ್ಲಿ ರಕ್ತ ಹರಿದಷ್ಟು ಯೋಚನೆ ಹರಿದಿಲ್ಲ. ಕರುಳು ಹೊರಗೆ ಬಂದ ಮಾತ್ರಕ್ಕೆ ಕಾರ್ಟೂನ್‌ ದೊಡ್ಡವರದ್ದಾಗುವುದಿಲ್ಲ.

ಅಣಕಕ್ಕೆ ಅಮೆರಿಕದ ಕಾನೂನಿನ ಆಸರೆ ಇದೆ. ವಾಣಿಜ್ಯ ಉದ್ದೇಶದ ವಿಡಂಬನೆಯೂ ‘ನ್ಯಾಯೋಚಿತ ಬಳಕೆ’ ಆಗಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್‌ 1994ರಲ್ಲಿ ಹಾಡೊಂದರ ಪ್ರಕರಣದಲ್ಲಿ ಹೇಳಿದೆ. ಆದರೆ ಹಕ್ಕು ಸಾಬೀತಾಗುವುದು ಕೋರ್ಟಿನಲ್ಲಿ, ಕೋರ್ಟಿಗೆ ಹೋಗಲು ಹಣ ಬೇಕು. ಹಾಗಾಗಿ ಗಡಿಗೆರೆ ಎಳೆಯುವವರು ಈಗಲೂ ಮಾಲೀಕರೇ. ಅದು ತುಸು ಸಡಿಲವಾಗುವ ದಿನ ಮಾತ್ರ ಪಂಚಾಂಗದಲ್ಲಿ ಗೊತ್ತಾಗಿದೆ. ಹಳೆಯ ಕೃತಿಗಳಿಗೆ ಅಲ್ಲಿ 95 ವರ್ಷಗಳ ಕೃತಿಸ್ವಾಮ್ಯ. 1938ರಲ್ಲಿ ಪ್ರಕಟವಾದ ಸೂಪರ್‌ಮ್ಯಾನ್‌ನ ಮೊದಲ ಕಥೆ 2034ರ ಜನವರಿ 1ರಂದು ಎಲ್ಲರ ಸ್ವತ್ತಾಗಲಿದೆ, 1939ರ ಬ್ಯಾಟ್‌ಮ್ಯಾನ್‌ ಅದರ ಮರುವರ್ಷ. ಆಟಿಕೆಯ ಡಬ್ಬಿಯ ಮೇಲಿನ ಟ್ರೇಡ್‌ಮಾರ್ಕ್‌ ಮಾತ್ರ ಆಗಲೂ ಕಂಪನಿಯ ಬಳಿಯೇ ಉಳಿಯುತ್ತದೆ.