ಗಡಸು ನೀರು

‘ಈ ನೀರಿಗೆ ಬೇಳೆ ಬೇಯುವುದಿಲ್ಲ’ ಎಂಬ ಮಾತನ್ನು ಅಡುಗೆ ಮಾಡುವ ತಾಯಂದಿರ ಬಾಯಿಂದ ಕೇಳದವರು ವಿರಳ. ನಲ್ಲಿಯ ನೀರು ನೋಟಕ್ಕೆ ತಿಳಿಯಾಗಿರುತ್ತದೆ. ಅದಕ್ಕೆ ವಾಸನೆಯೂ ಇರುವುದಿಲ್ಲ. ಆದರೂ ಒಲೆಯ ಮೇಲಿಟ್ಟ ತೊಗರಿಬೇಳೆ ಬಹಳ ಹೊತ್ತು ಕುದಿದರೂ ಕರಗುವುದಿಲ್ಲ. ಸಾಬೂನನ್ನು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ. ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಪದರ ಕಟ್ಟುತ್ತದೆ. ಇಂಥ ನೀರಿಗೆ ಗಡಸು ನೀರೆಂದು ಹೆಸರು. ಇದನ್ನು ಅಲ್ಪ ತೊಂದರೆಯೆಂದು ಕಡೆಗಣಿಸುವವರು ಕೆಲವರು. ವಿಷವೆಂದು ಹೆದರುವವರು ಕೆಲವರು. ಇವೆರಡೂ ಸರಿಯಲ್ಲ. ನೀರನ್ನು ಅರಿತು ಬಳಸುವುದೇ ವಿವೇಕದ ದಾರಿ.

ಮುಗಿಲಿನಿಂದ ಇಳಿಯುವ ಮಳೆಯ ನೀರು ಮೆದುವಾದುದು. ಅದು ಮಣ್ಣಿನೊಳಗೆ ಇಂಗುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲಗುಣವನ್ನು ಪಡೆಯುತ್ತದೆ. ಆಮೇಲೆ ಶಿಲೆಗಳ ಸಂದುಗಳಲ್ಲಿ ನಿಧಾನವಾಗಿ ಸಾಗುತ್ತ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ನೆಲದೊಳಗೆ ಎಷ್ಟು ಹೆಚ್ಚು ಕಾಲ ಉಳಿಯುತ್ತದೆಯೋ, ಸಾಮಾನ್ಯವಾಗಿ ಅಷ್ಟು ಹೆಚ್ಚು ಲವಣಗಳು ಅದಕ್ಕೆ ಸೇರುತ್ತವೆ. ಆದುದರಿಂದಲೇ ನದಿ, ಕೆರೆಗಳ ನೀರಿಗಿಂತ ಆಳವಾದ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸಾಗಿರುತ್ತದೆ. ಪಟ್ಟಣದ ಬಡಾವಣೆಯೊಂದರಲ್ಲಿ ನದಿಯ ನೀರು ಸಾಲದೆ ಕೊಳವೆಬಾವಿಯ ನೀರನ್ನು ಹರಿಸಿದಾಗ, ಅದೇ ನಲ್ಲಿಯಲ್ಲಿ ಬೇರೊಂದು ಗುಣದ ನೀರು ಬರುತ್ತದೆ. ಈ ಬದಲಾವಣೆ ಮೊದಲು ತಿಳಿಯುವುದು ಅಡುಗೆಮನೆಗೆ ಮತ್ತು ಬಟ್ಟೆ ಒಗೆಯುವ ಕಲ್ಲಿಗೆ.

ಗಡಸು ನೀರು ಸಂಸಾರದ ಮೇಲೆ ಹೊರಿಸುವ ಖರ್ಚು ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ. ಒಂದು ಗ್ರಾಂ ಸುಣ್ಣಕಲ್ಲಿಗೆ ಸಮನಾದ ಗಡಸುತನವು ಸುಮಾರು ಆರು ಗ್ರಾಂ ಸಾಬೂನನ್ನು ನೊರೆಯಾಗಗೊಡದೆ ಗಸಿಯನ್ನಾಗಿ ಮಾಡುತ್ತದೆ. ಲೀಟರಿಗೆ 300 ಮಿಲಿಗ್ರಾಂ ಗಡಸುತನವುಳ್ಳ ಹತ್ತು ಲೀಟರ್ ನೀರಿನ ಒಂದು ಬಕೆಟ್ಟಿನಲ್ಲಿ ಮೂರು ಗ್ರಾಂ ಗಡಸುತನವಿರುತ್ತದೆ. ಎಂದರೆ ಸುಮಾರು ಹದಿನೆಂಟು ಗ್ರಾಂ ಸಾಬೂನು ಕೊಳೆಯನ್ನು ಮುಟ್ಟುವ ಮೊದಲೇ ವ್ಯರ್ಥವಾಗುತ್ತದೆ. ಆ ಗಸಿ ಬಟ್ಟೆಯ ಎಳೆಗಳಲ್ಲಿ ಸೇರಿ ಅದನ್ನು ಮಬ್ಬಾಗಿಸುತ್ತದೆ. ಕೂದಲಿಗೆ ಅಂಟಿ ಅದನ್ನು ಒರಟಾಗಿಸುತ್ತದೆ. ಹಂಡೆಯೊಳಗಿನ ಪದರವು ಶಾಖವನ್ನು ತಡೆಯುವುದರಿಂದ ಸೌದೆಯಾಗಲಿ ವಿದ್ಯುತ್ತಾಗಲಿ ಹೆಚ್ಚು ಬೇಕಾಗುತ್ತದೆ. ಈ ಎಲ್ಲ ನಷ್ಟದ ಹೊರೆಯನ್ನು ಹೊರುವವರು ಯಾರು? ತಿಕ್ಕುವ, ಒಗೆಯುವ, ಬೇಯಿಸುವ ಕೈಗಳು. ಹೆಚ್ಚಿನ ಮನೆಗಳಲ್ಲಿ ಅವು ಹೆಣ್ಣುಮಕ್ಕಳ ಕೈಗಳು. ಬಡವರ ಮನೆಯಲ್ಲಿ ಒಂದು ಸಾಬೂನಿನ ಬೆಲೆಯೂ ಅಲ್ಪವಲ್ಲ.

ಹಾಗಾದರೆ ಗಡಸು ನೀರು ಆರೋಗ್ಯಕ್ಕೆ ಕೇಡೆ? ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ನಮ್ಮ ದೇಹಕ್ಕೆ ಬೇಕಾದ ಲವಣಗಳೇ ಆಗಿವೆ. ಭಾರತೀಯ ಮಾನಕ ಸಂಸ್ಥೆಯು ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕೆಂದೂ, ಬೇರೆ ನೀರು ದೊರೆಯದಲ್ಲಿ 600ರ ವರೆಗೆ ಒಪ್ಪಬಹುದೆಂದೂ ಹೇಳಿದೆ. ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಅಂತೆಯೇ ನಾಲಿಗೆಗೆ ಹಿತವಾದ ನೀರೆಲ್ಲ ಕುಡಿಯಲು ಯೋಗ್ಯವಲ್ಲ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಇನ್ನೂ ಹೆಚ್ಚಾದಲ್ಲಿ ಕ್ರಮೇಣ ಮೂಳೆ, ಕೀಲುಗಳು ಬಿಗಿದುಕೊಳ್ಳುತ್ತವೆ. ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಾಗಿ ಕರಗಿರುವುದುಂಟು. ಬೇಳೆ ಬೇಯದ ನೀರಿಗೆ ಹೆದರಿ, ಬೇಳೆ ಬೇಯುವ ನೀರನ್ನು ಪರೀಕ್ಷಿಸದೆ ನಂಬಿದರೆ ಮೋಸಹೋಗುವ ಸಂಭವವುಂಟು.

ಇದಕ್ಕೆ ಪರಿಹಾರವೇನು? ನೀರನ್ನು ಕುದಿಸಿದರೆ ಬೈಕಾರ್ಬೊನೇಟುಗಳಿಂದಾದ ತಾತ್ಕಾಲಿಕ ಗಡಸುತನ ಹೋಗುತ್ತದೆ. ಸಲ್ಫೇಟು, ಕ್ಲೋರೈಡುಗಳಿಂದಾದ ಶಾಶ್ವತ ಗಡಸುತನ ಕುದಿಸುವುದರಿಂದ ಹೋಗದು. ಬಟ್ಟೆ ಒಗೆಯುವ ನೀರಿಗೆ ವಾಷಿಂಗ್ ಸೋಡಾ ಬೆರೆಸಿ ಅದನ್ನು ತೆಗೆಯಬಹುದು. ಫ್ಲೋರೈಡಂತೂ ಕುದಿಸುವುದರಿಂದ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಈಗ ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅನುಕೂಲವಂತರ ಮನೆಗಳಲ್ಲಿ ಶುದ್ಧೀಕರಣ ಯಂತ್ರಗಳಿವೆ. ಫ್ಲೋರೈಡ್ ಇರುವ ಊರುಗಳಿಗೆ ಇವು ದೊಡ್ಡ ಆಸರೆ ಎಂಬುದನ್ನು ಮರೆಯಬಾರದು. ಆದರೆ ಇವು ನೀರಿನ ಒಂದು ಭಾಗವನ್ನು ಶುದ್ಧಗೊಳಿಸಿ, ಲವಣ ತುಂಬಿದ ಮತ್ತೊಂದು ಭಾಗವನ್ನು ಹೊರಚೆಲ್ಲುತ್ತವೆ. ನೀರಿನ ಬರವುಳ್ಳ ಸೀಮೆಯಲ್ಲಿ ಯಂತ್ರವನ್ನೇ ಪೂರ್ತಿಯಾಗಿ ನೆಚ್ಚುವುದು ಜಾಣತನವಲ್ಲ.

ನಮ್ಮ ಹಿರಿಯರು ಮಳೆಯ ನೀರನ್ನು ನೆಲದ ಮೇಲೆಯೇ ಹಿಡಿದಿಟ್ಟರು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಎಂದರೆ ಶಾಂತಿಸಾಗರ, ಶತಮಾನಗಳ ಹಿಂದೆ ಗುಡ್ಡಗಳ ನಡುವೆ ಏರಿ ಕಟ್ಟಿ ನಿರ್ಮಿಸಿದ ಕೆರೆ. ಅದು ಇಂದಿಗೂ ಗದ್ದೆಗಳಿಗೆ ನೀರೂಡಿಸುತ್ತದೆ. ಚಿತ್ರದುರ್ಗದ ಜನರಿಗೂ ಕುಡಿಯಲು ನೀರು ಕೊಟ್ಟಿದೆ. ಹೊನ್ನಾಳಿ ತುಂಗಭದ್ರೆಯ ದಡದಲ್ಲಿದೆ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಗೂ ನದಿ ದೂರವಲ್ಲ. ಜಗಳೂರಿಗಾದರೋ ವರ್ಷವಿಡೀ ಹರಿಯುವ ನದಿಯಿಲ್ಲ. ಆದುದರಿಂದಲೇ ತುಂಗಭದ್ರೆಯ ನೀರನ್ನು ಎತ್ತಿ ಆ ಭಾಗದ 57 ಕೆರೆಗಳಿಗೆ ತುಂಬಿಸುವ ಯೋಜನೆಯನ್ನು ಕೈಗೊಳ್ಳಬೇಕಾಯಿತು. ಒಂದೇ ಜಿಲ್ಲೆಯೊಳಗೆ ನೀರಿನ ಭಾಗ್ಯ ಇಷ್ಟು ಭಿನ್ನವಾಗಿದೆ.

ಆದರೆ ಮಳೆ ಎಲ್ಲರ ಸೂರಿನ ಮೇಲೂ ಬೀಳುತ್ತದೆ. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ಮಾಳಿಗೆಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಸುರಿದರೆ 30,000 ಲೀಟರ್ ನೀರಾಗುತ್ತದೆ. ಐವರ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 50 ಲೀಟರ್ ಸಾಕೆಂದರೆ ವರ್ಷಕ್ಕೆ ಬೇಕಾಗುವುದು 18,250 ಲೀಟರ್. ಅಷ್ಟು ದೊಡ್ಡ ತೊಟ್ಟಿ ಕಟ್ಟಿಸುವುದು ಎಲ್ಲರಿಗೂ ಸಾಧ್ಯವಿಲ್ಲ, ನಿಜ. ಆದರೆ 5,000 ಲೀಟರ್ ಹಿಡಿಯುವ ತೊಟ್ಟಿ ತುಂಬಿದರೂ ನೂರು ದಿನಗಳ ಅಡುಗೆ ನಡೆಯುತ್ತದೆ. ಮಾಳಿಗೆಯನ್ನು ಗುಡಿಸಿಟ್ಟು, ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಆಮೇಲಿನ ನೀರನ್ನು ಸೋಸಿ, ಮುಚ್ಚಿದ ತೊಟ್ಟಿಯಲ್ಲಿಡಬೇಕು. ಕುಡಿಯುವ ಮುನ್ನ ಕುದಿಸಬೇಕು. ಪಾತ್ರೆ ತೊಳೆಯಲು, ನೆಲ ಸಾರಿಸಲು ಗಡಸು ನೀರೇ ಸಾಕು. ಹಳ್ಳಿಗಳಲ್ಲಿ ಸಿಹಿನೀರಿನ ಬಾವಿ, ಬಳಕೆಯ ಬಾವಿ ಎಂದು ಬೇರೆ ಬೇರೆ ಇಟ್ಟುಕೊಂಡಿದ್ದುದರ ಅರ್ಥವೂ ಇದೇ ಅಲ್ಲವೆ?

ವಿದ್ಯಾರ್ಥಿಗಳು ಈ ಕಾರ್ಯವನ್ನು ಇಂದೇ ಆರಂಭಿಸಬಹುದು. ತಮ್ಮ ಮನೆಯ ನಲ್ಲಿಯ ನೀರನ್ನು ಒಂದು ಸೀಸೆಯಲ್ಲಿ, ಮಳೆಯ ನೀರನ್ನು ಮತ್ತೊಂದು ಸೀಸೆಯಲ್ಲಿ ತುಂಬಿ, ಎರಡಕ್ಕೂ ಸಮನಾಗಿ ಸಾಬೂನಿನ ದ್ರಾವಣವನ್ನು ಹಾಕಿ ಕುಲುಕಿ ನೋಡಲಿ. ನೊರೆಯೇ ಉತ್ತರ ಹೇಳುತ್ತದೆ. ಫ್ಲೋರೈಡಿನ ಉತ್ತರ ಮಾತ್ರ ಪ್ರಯೋಗಾಲಯದಲ್ಲಿ ದೊರೆಯಬೇಕು; ಅದನ್ನು ಕೇಳುವುದು ಪ್ರತಿಯೊಬ್ಬ ನಾಗರಿಕನ ಹಕ್ಕು. ತಾನು ಕುಡಿಯುವ ನೀರಿನ ಗುಣವನ್ನು ಅರಿಯದವನ ವಿದ್ಯೆ ಎಷ್ಟಿದ್ದರೂ ಅಪೂರ್ಣವೇ ಸರಿ.