ಬಿಟ್ಟು ಹೋಗುವವನ ಕೊನೆಯ ತಿಂಗಳು

ಅಂಗಡಿಗೆ ಹುಡುಗನನ್ನು ಸೇರಿಸಿಕೊಳ್ಳುವಾಗ ನಾವು ಎಲ್ಲವನ್ನೂ ವಿಚಾರಿಸುತ್ತೇವೆ. ಯಾವ ಊರು, ಯಾರ ಮಗ, ಯಾವ ಜಮಾಅತ್, ಮೊದಲು ಎಲ್ಲಿದ್ದ. ಕಳುಹಿಸುವಾಗ ಮಾತ್ರ ಯಾವ ವಿಚಾರವೂ ಇಲ್ಲ, ಸಿಟ್ಟು ಹೇಳಿದಂತೆ ಆಗುತ್ತದೆ. ಕಲಂಗುಟ್‌ನಲ್ಲಿ ಉಪ್ಪನ ಅಂಗಡಿಯ ಗಲ್ಲಾದಲ್ಲಿ ಕೂರುವ ನನಗೆ ಇದು ನಮ್ಮ ವ್ಯಾಪಾರಸ್ಥರ ದೊಡ್ಡ ದೋಷವಾಗಿ ಕಾಣುತ್ತದೆ.

ಇಲ್ಲಿ ದುಡಿಮೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಮಳೆಗಾಲದಲ್ಲಿ ಬಾಗಾ ರಸ್ತೆಯೂ ನಿದ್ದೆ ಹೋಗುತ್ತದೆ. ಹೀಗಿರುವಾಗ ನವೆಂಬರ್‌ನಲ್ಲಿ ಒಬ್ಬ ಹುಡುಗ ಬಂದು, "ಒಂದು ತಿಂಗಳಲ್ಲಿ ಬಿಡ್ತೇನೆ" ಎಂದರೆ ಧಣಿಗೆ ತಲೆ ಬಿಸಿಯಾಗುವುದು ಸಹಜ. ಅವನು ಮೊದಲೇ ತಕರಾರಿನವನಾಗಿದ್ದರೆ, ಅಂದರೆ ತಡವಾಗಿ ಬರುವವ, ಗಿರಾಕಿಯ ಮೇಲೆ ರೇಗುವವ, ಉಳಿದ ಹುಡುಗರ ಕಿವಿ ಊದುವವನಾಗಿದ್ದರೆ, ಆ ಒಂದು ತಿಂಗಳು ಸೇಡಿನ ತಿಂಗಳಾಗುತ್ತದೆ.

ಸೇಡಿಗೆ ನಮ್ಮಲ್ಲಿ ಮೂರು ದಾರಿಗಳಿವೆ. ಒಂದು, ಅದೇ ರಾತ್ರಿ ರೂಮಿನಿಂದ ಹೊರಹಾಕುವುದು. ನಮ್ಮ ಹುಡುಗರು ಮಲಗುವುದು ಧಣಿಯ ರೂಮಿನಲ್ಲಿ, ಉಣ್ಣುವುದು ಧಣಿಯ ಅನ್ನ. ಕೆಲಸ ಹೋದರೆ ಸೂರೂ ಹೋಗುತ್ತದೆ, ಸೀಸನ್‌ನಲ್ಲಿ ಇಲ್ಲಿ ಇನ್ನೊಂದು ರೂಮು ಅವನ ಸಂಬಳಕ್ಕೆ ಸಿಗುವುದಿಲ್ಲ. ಎರಡು, "ಲೆಕ್ಕ ಆಮೇಲೆ ನೋಡುವ" ಎಂದು ಕೊನೆಯ ಸಂಬಳ, ಕೆಲವೊಮ್ಮೆ ಆಧಾರ್ ಕಾರ್ಡನ್ನೂ ಹಿಡಿದಿಟ್ಟುಕೊಳ್ಳುವುದು. ಮೂರು, ಊರಿಗೆ ಫೋನ್ ಮಾಡುವುದು.

ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ನಾವು ಮದ್ರಸದಲ್ಲೇ ಕಲಿತಿದ್ದೇವೆ. ಕಾನೂನೂ ಅದನ್ನೇ ಹೇಳುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ತೆಗೆದುಹಾಕಿದವನಿಗಷ್ಟೇ ಅಲ್ಲ, ತಾನಾಗಿ ರಾಜೀನಾಮೆ ಕೊಟ್ಟವನಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿಯಲ್ಲಿ ಐದು ವರ್ಷ ಪೂರೈಸಿದ ಖಾಯಂ ಕೆಲಸಗಾರನಿಗೆ ಗ್ರಾಚ್ಯುಟಿ 1972ರ ಕಾನೂನಿನಿಂದಲೇ ಬಂದ ಹಕ್ಕು. ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಬೇಕು. 18,000 ರೂಪಾಯಿಯ ಹುಡುಗ ಆರು ವರ್ಷ ದುಡಿದಿದ್ದರೆ ಸುಮಾರು 62,300 ರೂಪಾಯಿ. ಅವನ ನಾಲಿಗೆ ಕೆಟ್ಟದ್ದೆಂದು ಈ ಹಣ ಕಡಿಮೆಯಾಗುವುದಿಲ್ಲ. ಬರೆದಿಟ್ಟ ಅಡ್ವಾನ್ಸ್ ಕಳೆಯಿರಿ, ಅದು ನ್ಯಾಯ. "ಇವನಿಂದ ಇಷ್ಟು ಗಿರಾಕಿ ಹೋಯಿತು" ಎಂಬ ಬಾಯಿಲೆಕ್ಕ ಕಳೆಯುವುದು ನ್ಯಾಯವಲ್ಲ.

ಹಾಗಾದರೆ ಧಣಿಯ ನಷ್ಟ? ಅದೂ ನಿಜ. ಆ ಒಂದು ತಿಂಗಳಲ್ಲಿ ಸರಕು ಹೋಗಬಹುದು, ಗಿರಾಕಿಯ ನಂಬರ್‌ಗಳು ಪಕ್ಕದ ಅಂಗಡಿ ಸೇರಬಹುದು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಬೇರಿಂಗ್ ಶಬ್ದ ಮಾಡಿದರೆ ಓಡುತ್ತಿರುವ ಯಂತ್ರಕ್ಕೆ ಸುತ್ತಿಗೆಯಿಂದ ಹೊಡೆಯುವುದಿಲ್ಲ. ಮೊದಲು ಲೋಡ್ ಇಳಿಸುತ್ತೇವೆ, ಆಮೇಲೆ ನಿಲ್ಲಿಸಿ ಬಿಚ್ಚುತ್ತೇವೆ. ಇಲ್ಲಿಯೂ ಅಷ್ಟೇ. ಬಿಡುವ ತಾರೀಕನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮೊದಲ ವಾರದಲ್ಲೇ ಗಲ್ಲಾ, ಗೋಡೌನ್ ಕೀ, ಸಿಸಿಟಿವಿ ಪಾಸ್‌ವರ್ಡ್, ಅಂಗಡಿಯ ವಾಟ್ಸಾಪ್ ಫೋನ್ ಬೇರೆಯವರಿಗೆ ವಹಿಸಿ. ಅವನಿದ್ದಾಗಲೇ, ಅವನ ಕಣ್ಣೆದುರೇ ಸ್ಟಾಕ್ ಎಣಿಸಿ. ಹೋದ ಮೇಲೆ ಎಣಿಸಿದರೆ ಕಡಿಮೆ ಬಂದದ್ದೆಲ್ಲ ಅವನ ತಲೆಗೇ ಬರುತ್ತದೆ. ಉದ್ರಿಯ ಪುಸ್ತಕ ಹಿಡಿದು ಯಾರಿಂದ ಎಷ್ಟು ಬರಬೇಕೆಂದು ಅವನ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಬುದ್ಧಿವಾದ ಹೇಳುವುದಿದ್ದರೆ ಒಮ್ಮೆ, ಒಬ್ಬನೇ ಇರುವಾಗ. ಗಿರಾಕಿಗಳ ಮುಂದೆ ಬೇಡ.

ಅವನು ಇದ್ದರೆ ದಿನವೂ ಜಗಳವೇ ಎನಿಸಿದರೆ ತಿಂಗಳ ಪೂರ್ತಿ ಸಂಬಳ ಕೈಗಿಟ್ಟು, ಊರಿಗೆ ರೈಲು ಹತ್ತುವವರೆಗೆ ರೂಮು ಕೊಟ್ಟು ಬೇಗ ಕಳುಹಿಸಿ. ಒಂದು ತಿಂಗಳ ಸಂಬಳ ದೊಡ್ಡ ಮೊತ್ತ, ಆದರೆ ಸೀಸನ್‌ನಲ್ಲಿ ಹಾಳಾಗುವ ಅಂಗಡಿಯ ಮನಸ್ಸಿಗಿಂತ ಅಗ್ಗ. ಉಳಿದ ಹುಡುಗರು ಬಾಯಿ ಬಿಡದೆ ಎಲ್ಲವನ್ನೂ ನೋಡುತ್ತಿರುತ್ತಾರೆ. ಕೆಟ್ಟವನಿಗೂ ಪೈಸೆ ಪೈಸೆ ಲೆಕ್ಕ ಸಿಕ್ಕಿತೆಂದು ಕಂಡವನು ನಿಮ್ಮಲ್ಲಿ ನೆಮ್ಮದಿಯಿಂದ ದುಡಿಯುತ್ತಾನೆ.

ಇನ್ನು ಆ ಫೋನಿನ ವಿಷಯ. ಬೆಂಗಳೂರಿನ ಕಂಪೆನಿಯಲ್ಲಿ ಕೆಲಸ ಬಿಟ್ಟವನ ಹೆಸರು ಹಳೆಯ ಆಫೀಸಿನಲ್ಲೇ ಉಳಿಯುತ್ತದೆ. ನಮ್ಮ ಹುಡುಗನ ಹೆಸರು ಅವನಿಗಿಂತ ಮೊದಲೇ ಊರಿನ ಮಸೀದಿಯ ಜಗಲಿ ತಲುಪುತ್ತದೆ. "ಅವನಿಗೆ ಕೈ ಚಪಲ" ಎಂದು ಸಿಟ್ಟಿನಲ್ಲಿ ಆಡಿದ ಒಂದು ಮಾತು ಎರಡು ವರ್ಷದ ನಂತರ ಅವನ ಮದುವೆಗೆ, ಕೆಲವೊಮ್ಮೆ ಅವನ ತಂಗಿಯ ಮದುವೆಗೆ ಅಡ್ಡ ಬರುತ್ತದೆ. ತಡವಾಗಿ ಬರುತ್ತಿದ್ದ ಎಂಬುದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ?

ಹೆಣ್ಣು ಕೊಡುವವರು ವಿಚಾರಿಸಿದರೆ ಸುಳ್ಳು ಹೇಳಬೇಕಾಗಿಲ್ಲ. ಎಷ್ಟು ವರ್ಷ ಇದ್ದ, ಯಾವ ಕೆಲಸ ಮಾಡಿದ, ನೀವೇ ಕಣ್ಣಾರೆ ಕಂಡದ್ದೇನು, ಅಷ್ಟು ಹೇಳಿ. ಅನುಮಾನವನ್ನು ಸಾಕ್ಷಿಯಂತೆ ಹೇಳಬೇಡಿ. ಲೆಕ್ಕ ಚುಕ್ತಾ ಮಾಡುವುದೆಂದರೆ ಹಣವನ್ನಷ್ಟೇ ಅಲ್ಲ, ಅವನ ಮಾನವನ್ನೂ ಅವನ ಕೈಗೆ ಕೊಟ್ಟು ಕಳುಹಿಸುವುದು.