ಅಲಸಂದೆಯ ನುಸಿ ಮತ್ತು ನಮ್ಮ ಯೂರಿಯ ಮೂಟೆ

ಭತ್ತದ ಕೊಯ್ಲಾದ ಮೇಲೆ ನೀರಿನ ಅನುಕೂಲವಿರುವ ಗದ್ದೆಗಳಲ್ಲಿ ಅಲಸಂದೆ ಹಾಕುವುದು ನಮ್ಮಲ್ಲಿ ವಾಡಿಕೆ. ಕಾಫಿ, ಅಡಿಕೆಗೆ ತಂದು ಉಳಿದ ಯೂರಿಯವನ್ನು ಅದಕ್ಕೂ ಎರಚುವವರು ಕಡಿಮೆಯೇನಿಲ್ಲ. ಬಳ್ಳಿ ಸೊಂಪಾಗಿ ಬೆಳೆಯುತ್ತದೆ, ನಿಜ. ಆದರೆ ಬಿಸಿಲೇರುತ್ತಲೇ ಎಲೆಯ ಮೇಲೆ ಬಿಳಿ ಚುಕ್ಕೆ, ಅಡಿಯಲ್ಲಿ ನವಿರಾದ ಬಲೆ. ಕೊನೆಗೆ ಎಲೆ ಒಣಗಿ ಉದುರುತ್ತದೆ. ಆಗ ಸದಸ್ಯರು ಔಷಧಿ ಕೇಳಿಕೊಂಡು ಸಂಘಕ್ಕೆ ಬರುತ್ತಾರೆ. ಔಷಧಿಗಿಂತ ಮೊದಲು ಗೊಬ್ಬರದ ಲೆಕ್ಕ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಜೇಡನುಸಿ ಬದುಕುವುದು ಎಲೆಯ ರಸದಿಂದ. ಸಾರಜನಕ ಮಿತಿಮೀರಿದ, ಪೊಟ್ಯಾಷ್ ಕೊರತೆಯಾದ ಗಿಡದ ಎಲೆಯಲ್ಲಿ ಅಮೈನೋ ಆಮ್ಲಗಳು ಹೆಚ್ಚಾಗಿ ಉಳಿಯುತ್ತವೆ. ಅಂಥ ಎಲೆ ಸಿಕ್ಕಿದ ನುಸಿ ಹೆಚ್ಚು ಮೊಟ್ಟೆಯಿಡುತ್ತದೆ. ಸೆಕೆ ಬಲವಾಗಿದ್ದರೆ ಮೊಟ್ಟೆ ಬಲಿತ ನುಸಿಯಾಗಲು ಹತ್ತು ದಿನವೂ ಬೇಡ.

ಅಲಸಂದೆಯಂತೂ ದ್ವಿದಳ ಬೆಳೆ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಮೇಲಿಂದ ಯೂರಿಯ ಸುರಿದರೆ ಗಂಟು ಕಟ್ಟುವುದೇ ಕುಗ್ಗುತ್ತದೆ. ಹೆಕ್ಟೇರಿಗೆ ಶಿಫಾರಸಾಗಿರುವುದು ಸಾರಜನಕ, ರಂಜಕ, ಪೊಟ್ಯಾಷ್ ಕ್ರಮವಾಗಿ 25:50:25 ಕಿಲೋ; ಎಂದರೆ ಎಕರೆಗೆ ಸುಮಾರು 10:20:10. 50 ಕಿಲೋದ ಒಂದು ಮೂಟೆ ಡಿ.ಎ.ಪಿ.ಯಲ್ಲೇ 9 ಕಿಲೋ ಸಾರಜನಕ, 23 ಕಿಲೋ ರಂಜಕವಿದೆ. ಜೊತೆಗೆ 17 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಕಿದರೆ ಎಕರೆಯ ಲೆಕ್ಕ ಮುಗಿಯಿತು. ಆಮೇಲೆ ಹಾಕುವ 45 ಕಿಲೋದ ಯೂರಿಯ ಮೂಟೆ ಇನ್ನೂ 20 ಕಿಲೋಗೂ ಮಿಕ್ಕಿ ಸಾರಜನಕ ಸೇರಿಸುತ್ತದೆ. ಅದು ಯಾರ ಹೊಟ್ಟೆಗೆ?

ಗೊಬ್ಬರವನ್ನೇ ಬಿಡಿ ಎಂದು ನಾವು ಹೇಳುತ್ತಿಲ್ಲ. ಬೀನ್ಸಿನಲ್ಲಿ ಗಂಟು ಕಡಿಮೆಯಾದ್ದರಿಂದ ಅದಕ್ಕೆ ಸಾರಜನಕ ಹೆಚ್ಚೇ ಬೇಕು. ಅದನ್ನೂ ಒಮ್ಮೆಗೇ ಸುರಿಯದೆ ಕಂತಿನಲ್ಲಿ ಕೊಡಬೇಕು. ನೀರಿಲ್ಲದೆ ಬಾಡಿದ ಗಿಡದಲ್ಲೂ ನುಸಿ ಹೆಚ್ಚುತ್ತದೆ. ಆದ್ದರಿಂದ ಕೊಟ್ಟಿಗೆ ಗೊಬ್ಬರ ಹಾಕಿ ನೆಲದ ತೇವ ಕಾಪಾಡುವುದು ಮುಖ್ಯ.

ನುಸಿ ಕೀಟವಲ್ಲ, 8 ಕಾಲಿನ ಜೇಡರ ಬಳಗ. ಕಾಯಿಕೊರಕಕ್ಕೆಂದು ಪೈರೆಥ್ರಾಯ್ಡ್ ಔಷಧಿಗಳನ್ನು ಮೇಲಿಂದ ಮೇಲೆ ಹೊಡೆದರೆ ನುಸಿಯನ್ನು ತಿನ್ನುವ ಜೀವಿಗಳು ಸತ್ತು ನುಸಿಯೇ ಹೆಚ್ಚುತ್ತದೆ. ತೀರ ಅನಿವಾರ್ಯವಾದರೆ ನೀರಿನಲ್ಲಿ ಕದಡುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ, ಬಿಸಿಲಿಳಿದ ಮೇಲೆ, ಎಲೆಯ ಅಡಿ ನೆನೆಯುವಂತೆ ಸಿಂಪಡಿಸಬಹುದು.

ಗೊಬ್ಬರ ಮಾರುವುದೂ ಸಂಘದ ವ್ಯವಹಾರವೇ ಸರಿ. ಆದರೆ ಸದಸ್ಯನಿಗೆ ಬೇಡದ ಮೂಟೆ ಮಾರಿ ಬಂದ ಹಣವನ್ನು ನಾವು ಲಾಭವೆಂದು ಎಣಿಸುವುದಿಲ್ಲ. ಬೇಸಿಗೆಯ ಅಲಸಂದೆಯಲ್ಲಿ ಅರ್ಧ ಗದ್ದೆಗಾದರೂ ಯೂರಿಯ ನಿಲ್ಲಿಸಿ, ವಾರಕ್ಕೊಮ್ಮೆ ಎರಡೂ ಕಡೆಯ ಎಲೆಗಳನ್ನು ತಿರುವಿ ನೋಡಿ, ಕಂಡದ್ದನ್ನು ಸಂಘಕ್ಕೆ ತಿಳಿಸಬೇಕಾಗಿ ಸದಸ್ಯ ಬಾಂಧವರಲ್ಲಿ ಕೋರುತ್ತೇವೆ.